ಅಂಬಾಸಿಡರ್‌ಗೆ ಇನ್ನೊಂದು ಎಂಜಿನ್, ಆಗುಂಬೆಗೆ ಅದೇ ದಾರಿ

ಬೆಂಗಳೂರಿನ ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ನಡೆದು ಹೊರಟರೆ, ರವೀಂದ್ರ ಕಲಾಕ್ಷೇತ್ರ ದಾಟಿದ ಸ್ವಲ್ಪ ಹೊತ್ತಿಗೆ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಹೊಸ ರಬ್ಬರ್, ಗ್ರೀಸ್, ಸೀಟ್ ಕವರಿನ ರೆಕ್ಸಿನ್. ಇದೇ ಜೆ.ಸಿ. ರೋಡ್. ಜಯಚಾಮರಾಜೇಂದ್ರ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರು ಒಂದು ಕ್ಷಣ ಯೋಚನೆ ಮಾಡ್ತಾರೆ. ಕಾರಿಗೆ ಬೇಕಾದ್ದೆಲ್ಲ ಇಲ್ಲಿ ಸಿಗುತ್ತೆ ಅನ್ನೋದು ಹಳೇ ಮಾತು. ಆದರೆ ಅಂಗಡಿಗೆ ಹೋಗಿ "ಅಂಬಾಸಿಡರ್, ಮಾರ್ಕ್ 2" ಅಂದ ಕೂಡಲೇ ಕೌಂಟರಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಒಳಗಿರುವ ಹಿರಿಯರನ್ನ ಕರೀತಾರೆ. ಹಿರಿಯರು ಕನ್ನಡಕ ಏರಿಸಿಕೊಂಡು ಮೊದಲು ಕೇಳುವುದು ಬೇಕಾದ ಬಿಡಿಭಾಗದ ಹೆಸರಲ್ಲ. "ಯಾವ ಎಂಜಿನ್ ಇದೆ ಅದರಲ್ಲಿ?"

ಈ ಪ್ರಶ್ನೆಗೆ ಅರ್ಥ ಇದೆ. ಅಂಬಾಸಿಡರ್ ಹೊರಗಿನಿಂದ ನೋಡೋಕೆ ಬದಲಾಗದ ಕಾರು, ಒಳಗೆ ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟರ್ಸ್ ಕೊಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಸೋಕೆ ಶುರು ಮಾಡಿದ್ದು 1950ರ ದಶಕದ ಕೊನೆಗೆ. ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಬಹುಕಾಲ ಅದರ ಎದೆಯಲ್ಲಿದ್ದದ್ದು 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಎಂಜಿನ್. ಇದೇ ಎಂಜಿನ್ನಿನ ಚುರುಕು ರೂಪ ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು ಅಂದರೆ ನಮ್ಮೂರಲ್ಲಿ ಯಾರೂ ನಂಬಲ್ಲ. ನಮ್ಮಲ್ಲಿ ಅದು ಸುಮಾರು 50 ಅಶ್ವಶಕ್ತಿಯಲ್ಲಿ ಮದುವೆ ದಿಬ್ಬಣ ಹೊತ್ತುಕೊಂಡು ಹೋಗುತ್ತಿತ್ತು. 1984ರಲ್ಲಿ ಅದೇ ಕಂಪನಿ ಕಾಂಟೆಸ್ಸಾ ಅನ್ನುವ ದೊಡ್ಡ ಕಾರು ತಂದಾಗ ಅದಕ್ಕೂ ಇದೇ ಎಂಜಿನ್ ಹಾಕಿತು. ಆನೆಗೆ ಕತ್ತೆಯ ಕಾಲು. ಆಮೇಲೆ ಜಪಾನಿನ ಇಸುಝು ಜೊತೆ ಕೈಜೋಡಿಸಿ, ಮಧ್ಯಪ್ರದೇಶದ ಪಿತಾಂಪುರದಲ್ಲಿ ತಯಾರಾದ 1817 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಿದರು. 1990ರ ದಶಕದ ಮೊದಲ ವರ್ಷಗಳಲ್ಲಿ ಅದೇ ಎಂಜಿನ್ ಅಂಬಾಸಿಡರ್‌ಗೂ ಬಂತು. ಅಂದರೆ ಈ ಎಂಜಿನ್ ಬದಲಾಯಿಸೋ ಹುಚ್ಚು ಗ್ಯಾರೇಜಿನವರು ಹುಟ್ಟುಹಾಕಿದ್ದಲ್ಲ, ಕಂಪನಿಯೇ ಹಾಕಿಕೊಟ್ಟ ದಾರಿ.

ನಮ್ಮ ಮನೆ ತೀರ್ಥಹಳ್ಳಿಯ ಹತ್ತಿರ. ಕಾರು 1972ರದ್ದು, ಅಜ್ಜ ಕೊಂಡಿದ್ದು. ನಂಬರ್ ಪ್ಲೇಟು ಇನ್ನೂ ಎಂ.ವೈ. ಅಂತ ಶುರುವಾಗುತ್ತೆ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರುವ ಮುಂಚಿನದು. ಅಮ್ಮನಿಗೆ ಕೀಲುವಾತ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಲೇಬೇಕು. ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ, ನನ್ನ ಸಣ್ಣ ಕಾರಿನಲ್ಲಿ ಬಗ್ಗಿ ಕೂತರೆ ಎದ್ದೇಳೋಕಾಗಲ್ಲ. ಅಂಬಾಸಿಡರ್ ಸೀಟು ಮನೆಯ ಜಗಲಿ ಎತ್ತರಕ್ಕಿದೆ. ಹಿಂದಕ್ಕೆ ತಿರುಗಿ ಕೂತು ಕಾಲೆತ್ತಿ ಒಳಗಿಟ್ಟರೆ ಆಯ್ತು. ಎತ್ತರದ ಹೊಸ ಗಾಡಿ ತಗೊಳ್ಳೋಣ ಅಂದೆ. ಅದಕ್ಕೆ ಹತ್ತಬೇಕು, ಇದಕ್ಕೆ ಕೂತರೆ ಸಾಕು ಅಂದರು ಅಮ್ಮ.

ತೊಂದರೆ ಇದ್ದದ್ದು ವಾಪಸ್ ಬರುವಾಗ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಆರನೆಯದೋ ಏಳನೆಯದೋ ತಿರುವಿಗೆ ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು, ಪೆಟ್ರೋಲ್ ಪಂಪಿನಲ್ಲಿ ಆವಿ ಕಟ್ಟುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯೋದು, ಹಳೇ ಕಾರಿನವರಿಗೆಲ್ಲ ಗೊತ್ತಿರುವ ವೈದ್ಯ. ಎಂಜಿನ್ನಿನ ಶಕ್ತಿಯೂ ಕುಂದಿತ್ತು. ಇದಕ್ಕೆ ವಯಸ್ಸಿನ ಜೊತೆ ಇನ್ನೊಂದು ಕಾರಣವೂ ಇದೆ. ಬಿ-ಸೀರೀಸ್ ಹೆಡ್ಡು ಎರಕದ ಕಬ್ಬಿಣದ್ದು, ವಾಲ್ವ್ ಕೂರುವ ಜಾಗವೂ ಅದೇ ಕಬ್ಬಿಣ. ಪೆಟ್ರೋಲಿನಲ್ಲಿದ್ದ ಸೀಸ ಅದಕ್ಕೆ ಒಂಥರಾ ರಕ್ಷಾಕವಚ. 2000ದಲ್ಲಿ ಸೀಸದ ಪೆಟ್ರೋಲ್ ದೇಶದಲ್ಲಿ ನಿಂತ ಮೇಲೆ ಆ ಜಾಗ ಸ್ವಲ್ಪ ಸ್ವಲ್ಪವೇ ಸವೆಯುತ್ತಾ ಬರುತ್ತದೆ. ಸೀಸ ಹೋಗಿದ್ದು ನಮ್ಮ ಮಕ್ಕಳ ಮಿದುಳಿಗೆ ಒಳ್ಳೇದೇ ಆಯ್ತು, ಕಾರಿಗೆ ಆಗಲಿಲ್ಲ.

ಚಿಕ್ಕಪ್ಪನ ವಾದ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹಾಗಿದ್ದರೆ ವಿ.ಎ. ಅಕ್ಷರಗಳಿರುವ ವಿಶೇಷ ಪ್ಲೇಟ್ ಸಿಗುತ್ತೆ. "ಇಷ್ಟು ವರ್ಷ ಕಾದು ಈಗ ಎಂಜಿನ್ ಕೀಳ್ತೀಯಾ? ಅಜ್ಜನ ಕಾರು ಅಂತ ಹೇಳಿಕೊಳ್ಳೋಕೆ ಏನು ಉಳಿಯುತ್ತೆ?" ಅವರ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಒಂದು ಸಲ ಮೂಲ ಎಂಜಿನ್ ಇಳಿಸಿ ಬೇರೆಯದನ್ನ ಕೂರಿಸಿದರೆ ಆ ಗೌರವ ಹೋದ ಹಾಗೇ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ: ಹಾಗೆ ನೋಂದಾಯಿಸಿದ ಕಾರನ್ನ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ಆಸ್ಪತ್ರೆ ಆ ಪಟ್ಟಿಯಲ್ಲಿಲ್ಲ. ಅಪ್ಪ ಇಬ್ಬರ ಮಾತೂ ಕೇಳಿ, ಎರಡು ದಿನ ಬಿಟ್ಟು, "ಓಡೋ ಕಾರು ಬೇಕು" ಅಂದರು. ಚಿಕ್ಕಪ್ಪ ಅವತ್ತು ಊಟಕ್ಕೆ ನಿಲ್ಲಲಿಲ್ಲ.

ಎಂಜಿನ್ ಹುಡುಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಜೆ.ಸಿ. ರೋಡಿನ ಹಿರಿಯರೇ ದಾರಿ ತೋರಿಸಿದ್ದು. ಅಲ್ಲಿಯ ಓಣಿಗಳಲ್ಲಿ ಕಾರುಗಳು ಅಂಗಾಂಗವಾಗಿ ಬಿದ್ದಿರುತ್ತವೆ: ಬಾಗಿಲುಗಳದ್ದೇ ಒಂದು ಗೋಡೆ, ಗೇರ್‌ಬಾಕ್ಸ್‌ಗಳದ್ದೇ ಒಂದು ರಾಶಿ. ಕಾಂಟೆಸ್ಸಾದಿಂದ ಇಳಿಸಿದ ಇಸುಝು ಎಂಜಿನ್ ಎರಡು ಸಿಕ್ಕವು. ಒಂದನ್ನು ನೆಲದ ಮೇಲೇ ಹಳೇ ಟೈರಿನ ಮೇಲೆ ಕೂರಿಸಿ, ಬ್ಯಾಟರಿ ಕೊಟ್ಟು, ಪೆಟ್ರೋಲ್ ಡಬ್ಬಿ ನೇತುಹಾಕಿ ಸ್ಟಾರ್ಟ್ ಮಾಡಿ ತೋರಿಸಿದರು. ನೋಡೋಕೆ ಚೆಂದ, ಆದರೆ ಆ ಸದ್ದಿಗೆ ಮರುಳಾಗಬಾರದು. ಕಂಪ್ರೆಶನ್ ಗೇಜ್ ಇಟ್ಟು ನಾಲ್ಕೂ ಸಿಲಿಂಡರ್ ನೋಡಬೇಕು. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಟ್ಟು ಬರಬೇಕು. ಸದ್ದು ಚೆನ್ನಾಗಿದ್ದ ಎಂಜಿನ್ನಿನ ಮೂರನೇ ಸಿಲಿಂಡರ್ ಕೈಕೊಟ್ಟಿತು. ಧೂಳು ಹಿಡಿದು ಮೂಲೆಯಲ್ಲಿದ್ದದ್ದೇ ಗೆದ್ದಿತು. ಅದಕ್ಕಿಂತ ಮುಖ್ಯ, ಅದರ ಜೊತೆ ಕಳಚಿದ ಕಾರಿನ ಕಾಗದ ಇತ್ತು, ಎಂಜಿನ್ ನಂಬರ್ ಕಾಗದಕ್ಕೆ ಹೊಂದುತ್ತಿತ್ತು. ಕಾಗದ ಇಲ್ಲದ ಎಂಜಿನ್ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕದ್ದ ಮಾಲಾಗಿದ್ದರೆ ನಾಳೆ ಪೊಲೀಸರು ಬರೋದು ನಿಮ್ಮ ಮನೆಗೇ.

ಕಾಗದದ ವಿಷಯಕ್ಕೆ ಬಂದಿದ್ದರಿಂದ ಇದನ್ನೂ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಎಂಜಿನ್ ಬದಲಾಯಿಸೋಕೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಈ ಕಲಮಿನ ಬಗ್ಗೆ ಬಿಗಿಯಾಗಿಯೇ ಹೇಳಿದೆ. ನಾವು ಒಂದು ನಟ್ಟನ್ನೂ ಬಿಚ್ಚುವ ಮುಂಚೆ ಅರ್ಜಿ ಹಾಕಿದೆವು. ಇಂಧನ ಅದೇ, ಕಂಪನಿ ಅದೇ, ಇದೇ ಹೆಸರಿನ ಕಾರಿಗೆ ಕಂಪನಿಯೇ ಕೂರಿಸಿದ್ದ ಎಂಜಿನ್ ಅನ್ನೋದು ನಮ್ಮ ವಾದ. ನಾಲ್ಕು ತಿಂಗಳು ಓಡಾಡಿದ ಮೇಲೆ ಒಪ್ಪಿಗೆ ಪತ್ರ ಕೈಗೆ ಬಂತು. ನಿಮಗೂ ಸಿಕ್ಕೇ ಸಿಗುತ್ತೆ ಅಂತ ಭರವಸೆ ಕೊಡಲಾರೆ. ಪತ್ರ ಇಲ್ಲದೆ ಹಾಕಿಸಿಕೊಂಡವರು ತುಂಬಾ ಜನ ಇದ್ದಾರೆ. ಅಪಘಾತವಾದ ದಿನ ವಿಮೆಯವರು ಎಂಜಿನ್ ನಂಬರ್ ನೋಡಿದರೆ ಏನಾಗುತ್ತೆ ಅಂತ ಅವರು ಯೋಚನೆ ಮಾಡಿರೋದಿಲ್ಲ.

ಕಲಾಸಿಪಾಳ್ಯದಿಂದ ಲಾರಿ ಪಾರ್ಸೆಲ್‌ನಲ್ಲಿ ಎಂಜಿನ್ ಶಿವಮೊಗ್ಗಕ್ಕೆ, ಅಲ್ಲಿಂದ ಗೂಡ್ಸ್ ಆಟೋದಲ್ಲಿ ಗಾಜನೂರು, ಮಂಡಗದ್ದೆ ದಾಟಿ ತುಂಗೆಯ ಜೊತೆಜೊತೆಗೇ ನಮ್ಮೂರಿಗೆ. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಿತ್ತು. ಮಲೆನಾಡಿನ ಅಂಗಳಕ್ಕಿಂತ ಒಳ್ಳೆ ಗ್ಯಾರೇಜ್ ಇಲ್ಲ ಅಂತ ನನ್ನ ಅಭಿಪ್ರಾಯ: ಸಮತಟ್ಟು, ಬಿದ್ದ ನಟ್ಟು ಕಾಣುತ್ತೆ, ಹೊತ್ತು ಹೊತ್ತಿಗೆ ಕಾಫಿ ಬರುತ್ತೆ. ತೀರ್ಥಹಳ್ಳಿಯ ಹಳೇ ಮೇಸ್ತ್ರಿಯೊಬ್ಬರು ಭಾನುವಾರ ಭಾನುವಾರ ಬಂದರು. ಮೂರು ಕಬ್ಬಿಣದ ಪೈಪುಗಳ ಮುಕ್ಕಾಲಿ ಕಟ್ಟಿ ಚೈನ್ ಬ್ಲಾಕ್ ಹಾಕಿ ಹಳೇ ಎಂಜಿನ್ ಎತ್ತಿದೆವು. ಎರಡು ಮೂಟೆ ಅಡಿಕೆಗಿಂತ ಭಾರ. ಅದು ಗಾಳಿಯಲ್ಲಿ ತೂಗುತ್ತಿದ್ದಾಗ ಅಪ್ಪ ಹತ್ತಿರ ಬರಲೇ ಇಲ್ಲ, ಬಾವಿ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಹಿಂದಿನ ದಿನದ್ದು.

ನಾನು ಇಂಜಿನಿಯರಿಂಗ್ ಓದಿದ್ದೇನೋ ನಿಜ, ಆದರೆ ಇನ್ಫರ್ಮೇಶನ್ ಸೈನ್ಸ್. ಮೇಸ್ತ್ರಿಗೆ ಇದನ್ನ ಹೇಳಿದಾಗ "ಹಂಗಾದ್ರೆ ಟಾರ್ಚ್ ಹಿಡ್ಕಳಿ" ಅಂದರು. ಟಾರ್ಚ್ ಹಿಡಿದೇ ಕಲಿತದ್ದು ಇಷ್ಟು: ಎಂಜಿನ್ ಬದಲಾವಣೆಯಲ್ಲಿ ಎಂಜಿನ್ ಅನ್ನೋದು ಕಾಲು ಭಾಗದ ಕೆಲಸ. ನಮ್ಮ ಸಾಫ್ಟ್‌ವೇರಿನಲ್ಲೂ ಹಳೇ ಸಿಸ್ಟಮ್‌ಗೆ ಹೊಸ ಭಾಗ ಜೋಡಿಸುವಾಗ ಜೀವ ತಿನ್ನೋದು ಸೇರುವ ಅಂಚುಗಳೇ. ಮೊದಲು ಮೌಂಟಿಂಗ್. ಎಂಜಿನ್ ತೂಗುಹಾಕಿಕೊಂಡೇ ರಟ್ಟಿನಲ್ಲಿ ಅಳತೆ ತೆಗೆದು, ಕೆಳಗಿನ ಆಯಿಲ್ ಸಂಪಿಗೂ ಸ್ಟಿಯರಿಂಗ್ ರಾಡಿಗೂ ಬೆರಳು ಹೋಗುವಷ್ಟು ಜಾಗ ಬಿಟ್ಟು, ಆಮೇಲೆ ಕಬ್ಬಿಣ ಕತ್ತರಿಸಿ ಬ್ರಾಕೆಟ್ ಮಾಡಿದರು. ಹೊಸ ಗೇರ್‌ಬಾಕ್ಸಿನ ಉದ್ದ ಬೇರೆ, ಹಾಗಾಗಿ ಪ್ರೊಪೆಲ್ಲರ್ ಶಾಫ್ಟನ್ನ ಶಿವಮೊಗ್ಗದ ಲೇತ್‌ನಲ್ಲಿ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಿದೆವು.

ಇಲ್ಲೊಂದು ಸೂಕ್ಷ್ಮ ಇದೆ. ಶಾಫ್ಟಿನ ಎರಡು ತುದಿಗೂ ಒಂದೊಂದು ಯೂನಿವರ್ಸಲ್ ಜಾಯಿಂಟ್. ಒಂದು ಜಾಯಿಂಟ್ ಓರೆಯಾಗಿ ತಿರುಗಿದರೆ ಪ್ರತಿ ಸುತ್ತಿನಲ್ಲೂ ವೇಗ ಸ್ವಲ್ಪ ಹೆಚ್ಚಿ ಸ್ವಲ್ಪ ಇಳಿಯುತ್ತೆ. ಇನ್ನೊಂದು ತುದಿಯಲ್ಲೂ ಅಷ್ಟೇ ಓರೆ ಇದ್ದರೆ ಮಾತ್ರ ಆ ಏರಿಳಿತ ಒಂದನ್ನೊಂದು ಅಳಿಸಿಹಾಕುತ್ತೆ. ಇಲ್ಲದಿದ್ದರೆ ಒಂದು ವೇಗ ಮೀರಿದ ಮೇಲೆ ಕಾರಿನ ನೆಲವೇ ನಡುಗುತ್ತೆ. ಗೇರ್‌ಬಾಕ್ಸಿನ ಓರೆ, ಹಿಂದಿನ ಡಿಫರೆನ್ಷಿಯಲ್ ಓರೆ ಎರಡನ್ನೂ ನನ್ನ ಮೊಬೈಲಿನ ಮಟ್ಟಗೋಲು ಆ್ಯಪ್‌ನಲ್ಲಿ ಅಳೆದು ಕೊಟ್ಟೆ. ಒಂದೂವರೆ ಡಿಗ್ರಿ ವ್ಯತ್ಯಾಸ ಬಂತು. ಮೇಸ್ತ್ರಿ ಗೇರ್‌ಬಾಕ್ಸಿನ ಹಿಂಬದಿಗೆ ಒಂದು ತಗಡು ಸೇರಿಸಿ ಸರಿ ಮಾಡಿದರು. ಅವತ್ತಿನಿಂದ ನನಗೆ ಟಾರ್ಚ್ ಕೆಲಸದಿಂದ ಬಡ್ತಿ ಸಿಕ್ಕಿತು.

ರೇಡಿಯೇಟರ್ ದೊಡ್ಡದೇ ಬೇಕಿತ್ತು, ಯಾಕಂದರೆ ಇಸುಝು ಹೆಡ್ಡು ಅಲ್ಯೂಮಿನಿಯಮ್‌ದು. ಕಬ್ಬಿಣದ ಹೆಡ್ಡು ಕುದಿದರೂ ಸಹಿಸಿಕೊಳ್ಳುತ್ತೆ, ಇದು ಒಂದು ಸಲ ಚೆನ್ನಾಗಿ ಕಾದರೆ ಬಾಗಿಬಿಡುತ್ತೆ. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಈಗ ಪಂಪುಗಳಲ್ಲಿ ಬರುತ್ತಿರುವ 20 ಶೇಕಡಾ ಎಥೆನಾಲ್ ಪೆಟ್ರೋಲ್ ಹಳೇ ರಬ್ಬರನ್ನ ತಿಂದುಹಾಕುತ್ತೆ ಅಂತ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿದೆವು. ಆದರೆ ನನ್ನನ್ನ ಕೇಳಿದರೆ, ಇಡೀ ಕೆಲಸದಲ್ಲಿ ಬ್ರೇಕಿಗಿಂತ ಮುಖ್ಯವಾದದ್ದು ಇನ್ನೊಂದಿಲ್ಲ. 1972ರ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮು. 50 ಅಶ್ವಶಕ್ತಿಗೆ ಲೆಕ್ಕ ಹಾಕಿದ ಬ್ರೇಕಿನ ಮೇಲೆ ಸುಮಾರು 80 ಅಶ್ವಶಕ್ತಿ ಹೇರಿ ಘಾಟಿ ಇಳಿಯೋದು ಧೈರ್ಯ ಅಲ್ಲ. ನಂತರದ ಅಂಬಾಸಿಡರ್‌ಗಳಲ್ಲಿ ಬಂದ ಮುಂದಿನ ಡಿಸ್ಕ್ ಬ್ರೇಕು, ಸರ್ವೋ ಎರಡನ್ನೂ ಹುಡುಕಿ ಹಾಕಿದ ಮೇಲೆಯೇ ಗೇಟು ದಾಟಿದ್ದು. ದುಡ್ಡು? ಎಂಜಿನ್ನಿಗೆ ಕೊಟ್ಟದ್ದಕ್ಕಿಂತ ಮೂರು ಪಟ್ಟು ಅದರ ಸುತ್ತಲಿನ ಕೆಲಸಕ್ಕೆ ಹೋಯಿತು.

ಕಳೆದುಕೊಂಡದ್ದೂ ಇದೆ. ಹಳೇ ಗೇರ್ ಸ್ಟಿಯರಿಂಗ್ ಪಕ್ಕದಲ್ಲಿತ್ತು, ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಕೂರುತ್ತಿದ್ದೆವು. ಹೊಸ ಐದು ಗೇರಿನ ಕೋಲು ನೆಲದಿಂದ ಎದ್ದು ಬರುತ್ತೆ. ಅದಕ್ಕಾಗಿ ನೆಲ ಕೊರೆದಾಗ, ಅಪ್ಪ ಅಮ್ಮನ ನಡುವೆ ನಾನು, ನನಗೂ ಮುಂಚೆ ಅಜ್ಜ ಅಜ್ಜಿಯ ನಡುವೆ ಚಿಕ್ಕಪ್ಪ ಕೂತಿದ್ದ ಜಾಗ ಹೋಯ್ತು. ಬಂಪರಿನ ತೂತಿಗೆ ತೂರಿಸಿ ತಿರುಗಿಸುತ್ತಿದ್ದ ಹ್ಯಾಂಡಲ್‌ಗೂ ಇನ್ನು ಕೆಲಸ ಇಲ್ಲ. ಸ್ಪೀಡೋಮೀಟರ್ ಈಗ ಸುಳ್ಳು ಹೇಳುತ್ತೆ, ಐವತ್ತು ತೋರಿಸಿದರೆ ನಿಜವಾಗಿ ಅರವತ್ತರ ಹತ್ತಿರ. ಅದಕ್ಕೆ ಸರಿಹೊಂದುವ ಗೇರನ್ನ ಇನ್ನೂ ಹುಡುಕುತ್ತಿದ್ದೇನೆ. ಹಳೇ ಎಂಜಿನ್ನನ್ನ ಮಾರಲಿಲ್ಲ. ಸಿಲಿಂಡರಿಗೆಲ್ಲ ಎಣ್ಣೆ ಬಿಟ್ಟು, ತೂತುಗಳನ್ನ ಮುಚ್ಚಿ, ಟಾರ್ಪಾಲ್ ಸುತ್ತಿ ಕೊಟ್ಟಿಗೆಯ ಅಟ್ಟದ ಕೆಳಗೆ ಇಟ್ಟಿದ್ದೇವೆ. ನೆಲದ ತೂತು ಬಿಟ್ಟರೆ ಉಳಿದದ್ದೆಲ್ಲ ಬೋಲ್ಟಿನಲ್ಲೇ ಇದೆ. ಚಿಕ್ಕಪ್ಪ ಬಂದಾಗಲೆಲ್ಲ ಟಾರ್ಪಾಲ್ ಎತ್ತಿ ನೋಡ್ತಾರೆ.

ಮೊದಲ ಮಣಿಪಾಲದ ಪ್ರಯಾಣ ಮೇಗರವಳ್ಳಿ, ಆಗುಂಬೆ, ಹೆಬ್ರಿ, ಹಿರಿಯಡ್ಕದ ಮೇಲೆ. ಹೋಗುವಾಗ ಅಂಥ ವಿಶೇಷವೇನೂ ಇಲ್ಲ, ಇಳಿಜಾರಿನಲ್ಲಿ ಎರಡನೇ ಗೇರು, ಬ್ರೇಕು ಬಿಸಿಯಾಗಲಿಲ್ಲ. ವಾಪಸ್ ಬರುವಾಗ ಸೋಮೇಶ್ವರದ ಕಾಡು ದಾಟಿ ಮೊದಲ ತಿರುವಿಗೆ ಕಾರು ತಿರುಗಿದಾಗ ಹಿಂದಿನ ಸೀಟಿನಿಂದ ಅಮ್ಮ ಅಭ್ಯಾಸ ಬಲದಿಂದ ಒದ್ದೆ ಬಟ್ಟೆಯ ಡಬ್ಬಿ ಹುಡುಕಿದರು. ಏಳನೇ ತಿರುವು, ಹತ್ತನೇ ತಿರುವು. ನಾನು ಡ್ಯಾಶ್‌ಬೋರ್ಡಿಗೆ ಹೊಸದಾಗಿ ಹಾಕಿದ ಮೀಟರನ್ನೇ ನೋಡುತ್ತಿದ್ದೆ, ಮುಳ್ಳು ಮಧ್ಯ ಬಿಟ್ಟು ಸ್ವಲ್ಪ ಮೇಲೆ ಹೋಗಿ ಅಲ್ಲೇ ನಿಂತಿತು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಅಪ್ಪ ಕಾರು ನಿಲ್ಲಿಸಿದರು. ಎಂಜಿನ್ ತಣ್ಣಗಾಗಲಿ ಅಂತಲ್ಲ, ಅಲ್ಲಿ ನಿಲ್ಲಿಸಿ ಅಭ್ಯಾಸ. ಮಂಗಗಳು ಬಾನೆಟ್ ಮೇಲೆ ಹತ್ತಿ ಕೂತವು. ಅಮ್ಮ ಬಾಗಿಲು ತೆಗೆದು ಕಾಲು ಹೊರಗಿಟ್ಟು, ಏಳದೆ ಕೂತಲ್ಲಿಂದಲೇ ಪಡುವಣದ ಕಡೆ ನೋಡಿದರು. ಮೋಡ ಇತ್ತು, ಸಮುದ್ರ ಕಾಣಲಿಲ್ಲ.

"ಮುಂದಿನ ತಿಂಗಳು ಬೇಕಾದರೆ ಅವನನ್ನೂ ಕರ್ಕೊಂಡು ಬರೋಣ" ಅಂದರು ಅಪ್ಪ, ಚಿಕ್ಕಪ್ಪನ ಬಗ್ಗೆ. "ಹಿಂದೆ ಕೂರ್ತಾನೆ."