ಉಕ್ಕಿನ ಸೈಕಲ್

ನಲವತ್ತಾರು ತುಂಬುವ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಕಾಣಿಸಿತು. ಡಾಕ್ಟರು ನಡೆಯಿರಿ ಎಂದರು, ನಾನು ಸೈಕಲ್ ಎಂದೆ. ಬದಿಯಡ್ಕದಾಚೆ ನಮ್ಮ ಮನೆಗೆ ಇಳಿಯುವುದು ಮುರಕಲ್ಲಿನ ದಾರಿ. ಅಂಗಡಿಯ ಹುಡುಗ ಸ್ಪ್ರಿಂಗಿನ ಫೋರ್ಕ್ ಇರುವ ಅಲ್ಯುಮಿನಿಯಂ ಸೈಕಲ್ ತೋರಿಸಿದ. ಆ ಸ್ಪ್ರಿಂಗಿನೊಳಗೆ ಆಟಿಯ ಕೆಸರು ಸೇರಿದರೆ ಬಿಚ್ಚಿ ತೊಳೆಯುವವರು ನಮ್ಮೂರಲ್ಲಿ ಯಾರು? ಸ್ಪ್ರಿಂಗಿಲ್ಲದ ಫೋರ್ಕು, ಉಕ್ಕಿನ ಫ್ರೇಮು ಸಾಕೆಂದೆ.

ಕಾಸರಗೋಡಿನ ಪರಿಚಯದವರೊಬ್ಬರ ಅಟ್ಟದಲ್ಲಿ 26 ಇಂಚು ಚಕ್ರದ ಹಳೆಯ ಕ್ರೋಮೊಲಿ ಫ್ರೇಮ್ ಇತ್ತು. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಈ ಉಕ್ಕು ಬಲಶಾಲಿ. ಹಾಗಾಗಿ ಕೊಳವೆ ತೆಳ್ಳಗಿದ್ದರೂ ನಡೆಯುತ್ತದೆ. ಹೊಸ ಬಣ್ಣ ಬಳಿದಿದ್ದರು. ನನಗೆ ಆಸೆಯಾಯಿತು. ಮುಂಗಡ ಕೊಡುವ ಮೊದಲು ವೆಲ್ಡಿಂಗಿನ ಕಾಕನಿಗೆ ತೋರಿಸಿದೆ. ಅವರು ಬಣ್ಣವನ್ನು ನೋಡಲೇ ಇಲ್ಲ. ಸೀಟಿನ ಕಂಬ ಕಿತ್ತು, ಕೊಳವೆಯೊಳಗೆ ಟಾರ್ಚು ಬಿಟ್ಟು, ಫ್ರೇಮನ್ನು ಮಗುಚಿ ತಟ್ಟಿದರು. ಅಂಗೈಗೆ ಕೆಂಪು ಪುಡಿ ಉದುರಿತು.

"ಉಳ್ಳಿಲ್ ತುರುಂಬ್. ಇದ್ ವೇಂಡ ಮಾಷೇ."

ಬ್ಯಾಂಕಿನವನನ್ನೂ ಮಾಷೇ ಎನ್ನುವುದು ಅವರ ರೂಢಿ. ತುಕ್ಕು ತಿಂದ ತೆಳು ಕೊಳವೆಯಲ್ಲಿ ವೆಲ್ಡಿಂಗ್ ನಿಲ್ಲುವುದಿಲ್ಲವಂತೆ. ನನಗೆ ರಕ್ತಪರೀಕ್ಷೆಯ ಚೀಟಿ ನೆನಪಾಯಿತು. ಫ್ರೇಮ್ ಹಿಂತಿರುಗಿಸಿದಂದಿನಿಂದ ಆ ಪರಿಚಯದವರು ಕೌಂಟರಿನಲ್ಲಿ ನನ್ನ ಮುಖ ನೋಡುವುದಿಲ್ಲ. ಇರಲಿ.

ಆಮೇಲೆ ಸಿಕ್ಕಿದ್ದು ಬಣ್ಣ ಕೆರೆದುಹೋದ, ಕುರೂಪಿ ಫ್ರೇಮು. ಒಳಗೆ ಮಾತ್ರ ಸ್ವಚ್ಛ. ಅದು ಸ್ಪ್ರಿಂಗ್ ಫೋರ್ಕಿಗೆಂದೇ ಮಾಡಿದ್ದಾದ್ದರಿಂದ ಅಷ್ಟೇ ಉದ್ದದ ಗಟ್ಟಿ ಫೋರ್ಕು ಹುಡುಕಬೇಕಾಯಿತು. ಗಿಡ್ಡದ್ದು ಹಾಕಿದರೆ ಮುಂಭಾಗ ತಗ್ಗುತ್ತದೆ, ಇಳಿಜಾರಿನಲ್ಲಿ ಮುಗ್ಗರಿಸುವ ಭಯ.

ಮಳೆಗೆ ಮುಂಚೆ ಕೊಳವೆಯೊಳಗೆ ಕಾಯಿಸಿದ ಅಗಸೆ ಎಣ್ಣೆ ಸುರಿಯುತ್ತಿದ್ದಾಗ ಇವಳು, "ಮನೆಯ ತೆಂಗಿನೆಣ್ಣೆ ಆಗದಾ?" ಎಂದಳು. ಅದು ಒಣಗಿ ಪದರ ಕಟ್ಟುವುದಿಲ್ಲ ಎಂದೆ. ಜಗಲಿಯಲ್ಲಿ ತಲೆಕೆಳಗಾಗಿ ತೂಗುಹಾಕಿದ ಫ್ರೇಮಿನಿಂದ ಇಡೀ ರಾತ್ರಿ ಎಣ್ಣೆ ತೊಟ್ಟಿಕ್ಕಿತು. ಬೆಳಿಗ್ಗೆ ಜಗಲಿ ಉಜ್ಜಿದವನು ನಾನೇ.