ಅರ್ಧಕ್ಕಿಳಿಸಿದ ಧ್ವಜ

ಸತ್ತವರನ್ನು ಕುರಿತು ಕೆಟ್ಟ ಮಾತನ್ನಾಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಊರ ಬಾಯಿಗೆ ಮುಚ್ಚಳವುಂಟೆ? ಹಾವು ಕಚ್ಚಿ ಸತ್ತವನಿಗೆ ‘ಅಯ್ಯೋ’ ಎನ್ನುವ ಜನವೇ ಕುಡಿದು ಸತ್ತವನಿಗೆ ‘ಆಗಬೇಕಾದ್ದೇ ಆಯಿತು’ ಎನ್ನುವರು. ಇಬ್ಬರ ಮನೆಯಲ್ಲಿಯೂ ಅಳು ಒಂದೇ. ಕೇಳುವವರ ಕಿವಿ ಮಾತ್ರ ಬೇರೆ. ಈ ಭೇದವನ್ನು ಕುರಿತು ನಾನು ಬಹುಕಾಲ ಆಲೋಚಿಸಿರಲಿಲ್ಲ. ಆಲೋಚಿಸದೆ ಇರುವುದಕ್ಕೆ ನನ್ನಲ್ಲಿ ಒಂದು ಕಾರಣವೂ ಇದ್ದಿತು; ಅದನ್ನು ಮುಂದೆ ಹೇಳುವೆನು. ಕಡೆಗೆ ನನ್ನನ್ನು ಆಲೋಚನೆಗೆ ಹಚ್ಚಿದುದು ದೂರದೇಶದ ಗಾಯಕಿಯೊಬ್ಬಳ ಮರಣ.

2012ರ ಚಳಿಗಾಲದಲ್ಲಿ ನಾನೂ ನನ್ನ ಮನೆಯವಳೂ ಅಮೆರಿಕಾದ ನ್ಯೂಜೆರ್ಸಿ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಫೆಬ್ರವರಿ 11ನೆಯ ತಾರೀಖು ಶನಿವಾರ ರಾತ್ರಿ ದೂರದರ್ಶನದಲ್ಲಿ ಸುದ್ದಿ ಬಂದಿತು: ವಿಟ್ನಿ ಹ್ಯೂಸ್ಟನ್ ಎಂಬ ಹೆಸರಾಂತ ಗಾಯಕಿಯು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸಿನ ಹೋಟೆಲೊಂದರ ಸ್ನಾನದ ತೊಟ್ಟಿಯಲ್ಲಿ ಸತ್ತುಬಿದ್ದಿದ್ದಳು. ಆಗ ಆಕೆಗೆ 48 ವರ್ಷ. ಆಕೆ ಹುಟ್ಟಿದುದು ನ್ಯೂಜೆರ್ಸಿಯ ನೆವಾರ್ಕ್ ಪಟ್ಟಣದಲ್ಲಿ, 1963ರಲ್ಲಿ. ತಾಯಿಯೂ ಹಾಡುವವಳು. ಮಗಳು ಮೊದಲು ಬಾಯಿ ಬಿಟ್ಟು ಹಾಡಿದುದು ಆ ಊರಿನ ಚರ್ಚೊಂದರಲ್ಲಿ, ದೇವರ ಮುಂದೆ. ಆಮೇಲೆ ಲೋಕವೆಲ್ಲ ಆ ಕಂಠಕ್ಕೆ ತಲೆದೂಗಿತು. 1992ರಲ್ಲಿ ಬಂದ ‘ದಿ ಬಾಡಿಗಾರ್ಡ್’ ಎಂಬ ಚಲಚ್ಚಿತ್ರದಲ್ಲಿ ಆಕೆ ಹಾಡಿದ ಹಾಡನ್ನು ಇಂಗ್ಲಿಷು ಬಾರದ ನಮ್ಮ ಮನೆಯವಳು ಕೂಡ ಗುರುತು ಹಿಡಿಯಬಲ್ಲಳು. ಹೀಗಿದ್ದವಳು ಮಾದಕ ವಸ್ತುಗಳ ಕೈಗೆ ಸಿಕ್ಕಿ, ವರ್ಷವರ್ಷವೂ ಕುಂದುತ್ತ ಬಂದಿದ್ದಳು. ಅದು ಮುಚ್ಚುಮರೆಯ ವಿಷಯವಾಗಿರಲಿಲ್ಲ.

ಸಾವಿನ ಕಾರಣವನ್ನು ಅಧಿಕಾರಿಗಳು ತಿಳಿಸಿದುದು ಮಾರ್ಚಿ 22ರಂದು: ನೀರಿನಲ್ಲಿ ಮುಳುಗಿದುದು, ಅದಕ್ಕೆ ಒತ್ತಾಸೆಯಾಗಿ ಹೃದಯದ ರೋಗ ಮತ್ತು ಕೊಕೇನಿನ ಸೇವನೆ. ಆದರೆ ಜನರಿಗೆ ಅಷ್ಟು ದಿನ ಕಾಯುವ ತಾಳ್ಮೆಯೆಲ್ಲಿ? ಮರುದಿನವೇ ತೀರ್ಪು ಬರೆದು ಮುಗಿಸಿದ್ದರು.

ಇಷ್ಟರಲ್ಲಿ ನ್ಯೂಜೆರ್ಸಿಯ ಗವರ್ನರಾಗಿದ್ದ ಕ್ರಿಸ್ ಕ್ರಿಸ್ಟಿ ಎಂಬುವರು, ಆಕೆಯ ಅಂತ್ಯಕ್ರಿಯೆಯ ದಿನ ಸಂಸ್ಥಾನದ ಸರ್ಕಾರಿ ಕಟ್ಟಡಗಳ ಮೇಲೆ ಧ್ವಜವನ್ನು ಅರ್ಧಕ್ಕೆ ಇಳಿಸಬೇಕೆಂದು ಆಜ್ಞೆ ಮಾಡಿದರು. ಅದಕ್ಕೆ ಊರೆಲ್ಲ ಗಲಭೆ. ಆ ಗೌರವವು ಯುದ್ಧದಲ್ಲಿ ಮಡಿದವರಿಗೆ ಸಲ್ಲತಕ್ಕದ್ದು, ಮಾದಕ ವ್ಯಸನಿಗಲ್ಲ, ಎಂದು ಅನೇಕರು ಕೂಗಿದರು. ಗವರ್ನರು ಹಿಂದೆಗೆಯಲಿಲ್ಲ. ವ್ಯಸನವಿದ್ದಿತೆಂಬ ಒಂದೇ ಮಾತಿನಿಂದ ಆಕೆ ಬಾಳಿನಲ್ಲಿ ಮಾಡಿದ ಒಳ್ಳೆಯದೆಲ್ಲ ಅಳಿಸಿಹೋಗುವುದೆಂಬುದನ್ನು ತಾವು ಒಪ್ಪುವುದಿಲ್ಲವೆಂದು ಉತ್ತರವಿತ್ತರು.

ಆ ವಾರ ಕನ್ನಡಿಗರೊಬ್ಬರ ಮನೆಯಲ್ಲಿ ನಮಗೆ ಊಟವಿದ್ದಿತು. ಹುಳಿಯನ್ನ ಮುಗಿಯುವುದರೊಳಗೆ ಮಾತು ಧ್ವಜಕ್ಕೆ ಬಂದು ಮುಟ್ಟಿತು. ಒಬ್ಬರು, “ಹಾಡು ಬೇರೆ, ಬಾಳು ಬೇರೆ, ಧ್ವಜ ಇಳಿಸುವುದು ಹಾಡಿಗೆ” ಎಂದರು. ಇನ್ನೊಬ್ಬರು, “ನಾಳೆ ನಮ್ಮ ಮಕ್ಕಳಿಗೆ ಏನೆಂದು ಬುದ್ಧಿ ಹೇಳುವುದು?” ಎಂದರು. ಆ ಮಾತಿನಲ್ಲಿಯೂ ಹುರುಳಿಲ್ಲವೆನ್ನಲಾಗದು. ನನ್ನ ಅಭಿಪ್ರಾಯವನ್ನೂ ಕೇಳಿದರು. ನಾನು ಹಿರಿಯನ ಗಾಂಭೀರ್ಯದಿಂದ, “ಕೈಯಾರೆ ತಂದುಕೊಂಡ ಸಾವಿಗೆ ಗೌರವವೇಕೆ?” ಎಂದೆನು. ಎಲ್ಲರೂ ತಲೆಯಾಡಿಸಿದರು. ನನ್ನ ಮನೆಯವಳು ಮಾತ್ರ ಬಡಿಸುತ್ತಿದ್ದ ಕೈಯನ್ನು ತಡೆದು ನನ್ನ ಮುಖವನ್ನು ಒಮ್ಮೆ ನೋಡಿದಳು. ಏನನ್ನೂ ಹೇಳಲಿಲ್ಲ. ನಾನು ಎಲೆಯ ಕಡೆಗೆ ಕಣ್ಣು ತಿರುಗಿಸಿದೆನು.

ಅಂದೇ ನನ್ನ ಅಳಿಯನು ಇನ್ನೊಂದು ಸಂಗತಿಯನ್ನು ಹೇಳಿದನು. ಆ ಗಾಯಕಿ ಸತ್ತ ರಾತ್ರಿಯೇ, ಅದೇ ಹೋಟೆಲಿನಲ್ಲಿ, ಸಂಗೀತಗಾರರ ದೊಡ್ಡದೊಂದು ಔತಣ ಮೊದಲೇ ಏರ್ಪಾಡಾಗಿದ್ದಿತು. ಅದು ನಿಲ್ಲಲಿಲ್ಲ. ಅಲ್ಲಿ ಟೋನಿ ಬೆನೆಟ್ ಎಂಬ 85 ವರ್ಷದ ಹಿರಿಯ ಗಾಯಕರು ಎದ್ದುನಿಂತು, ಮೊದಲು ಮೈಕಲ್ ಜಾಕ್ಸನ್ ಹೋದರು, ಆಮೇಲೆ ಏಮಿ ವೈನ್‌ಹೌಸ್ ಹೋದಳು, ಈಗ ಈಕೆ. ಆಮ್ಸ್ಟರ್‌ಡಾಮಿನಲ್ಲಿರುವಂತೆ ಮಾದಕ ವಸ್ತುಗಳನ್ನು ಇಲ್ಲಿಯೂ ಕಾನೂನಿನ ಒಳಕ್ಕೆ ತರಬೇಕು, ಎಂಬ ಅರ್ಥದ ಮಾತನ್ನಾಡಿದರು. ಆ ಮಾತಿಗೂ ದೇಶದಲ್ಲಿ ಗದ್ದಲವಾಯಿತು. ಹೆಣ ಮೇಲಿನ ಮಹಡಿಯಲ್ಲಿರುವಾಗ ಇದೇನು ಮಾತು ಎಂದವರು ಕೆಲವರು. ಸರಿಯಾಗಿ ಹೇಳಿದರು ಎಂದವರು ಕೆಲವರು.

ಬೆನೆಟ್ಟರು ಬರಿಯ ಬಾಯಿಮಾತಿನ ಮನುಷ್ಯರಲ್ಲ. 1979ರಲ್ಲಿ ಅವರೂ ಕೊಕೇನಿನ ಮತ್ತಿನಲ್ಲಿ ಸ್ನಾನದ ತೊಟ್ಟಿಯಲ್ಲಿಯೇ ಸಾಯುವಂತಾಗಿ, ಹೆಂಡತಿ ಬಂದುದರಿಂದ ಉಳಿದವರು. ಏಮಿ ವೈನ್‌ಹೌಸಳ ಕಡೆಯ ಧ್ವನಿಮುದ್ರಣ ಅವರೊಡನೆ ಹಾಡಿದ ಜೋಡಿಹಾಡು. ಔತಣದ ಮರುದಿನವೇ ಆ ಹಾಡಿಗೆ ಬಂದ ಗ್ರ್ಯಾಮಿ ಬಹುಮಾನವನ್ನು ಅವಳ ತಾಯಿತಂದೆಗಳ ಜೊತೆಯಲ್ಲಿ ನಿಂತು ತೆಗೆದುಕೊಂಡರು. ಮಕ್ಕಳ ವಯಸ್ಸಿನವರು ಕಣ್ಣೆದುರಿಗೆ ಹೋಗುತ್ತಿದ್ದರೆ ಮುದುಕನೊಬ್ಬನ ಹೊಟ್ಟೆಯಲ್ಲಿ ಎಂಥ ಬೆಂಕಿ ಬೀಳುವುದೆಂಬುದನ್ನು ನಾನು ಬಲ್ಲೆನು.

ಆದರೂ ಅವರು ಎಣಿಸಿದ ಮೂರು ಹೆಸರುಗಳನ್ನು ವಾಚಕರು ಒಂದೊಂದಾಗಿ ನೋಡಬೇಕು. ಮೈಕಲ್ ಜಾಕ್ಸನ್ನರು 2009ರಲ್ಲಿ ಸತ್ತುದು ಪ್ರೊಪೊಫಾಲ್ ಎಂಬ ಔಷಧದಿಂದ. ಶಸ್ತ್ರಚಿಕಿತ್ಸೆಯಲ್ಲಿ ಪ್ರಜ್ಞೆ ತಪ್ಪಿಸಲು ಕೊಡತಕ್ಕ ಆ ಮದ್ದನ್ನು ನಿದ್ರೆಗೆಂದು ಕೊಟ್ಟವನು ಕಲಿತ ವೈದ್ಯನೇ. 2011ರಲ್ಲಿ, 27ನೆಯ ವಯಸ್ಸಿನಲ್ಲಿ, ಏಮಿ ವೈನ್‌ಹೌಸ್ ಸತ್ತುದು ಮದ್ಯದಿಂದ. ಅದು ಲಂಡನ್ನಿನಲ್ಲಿ ಬೀದಿಬೀದಿಯಲ್ಲಿ ದೊರೆಯುವುದು. ಕಾನೂನು ನಿಷೇಧಿಸಿದ ವಸ್ತುವಿಗೆ ಬಲಿಯಾದವಳು ಆ ಮೂವರಲ್ಲಿ ವಿಟ್ನಿ ಒಬ್ಬಳೇ. ಕಾನೂನು ಬಾಗಿಲು ತೆರೆದಿದ್ದುದರಿಂದ ಇಬ್ಬರು ಉಳಿಯಲಿಲ್ಲ. ಮುಚ್ಚಿದ್ದುದರಿಂದ ಮೂರನೆಯವಳೂ ಉಳಿಯಲಿಲ್ಲ. ಆಮ್ಸ್ಟರ್‌ಡಾಮಿನಲ್ಲಿಯಾದರೂ ಅಂಗಡಿಗಳಲ್ಲಿ ಸರ್ಕಾರವು ಕಂಡೂ ಕಾಣದಂತೆ ಬಿಟ್ಟಿರುವುದು ಗಾಂಜಾ ಒಂದನ್ನೇ. ಕೊಕೇನು ಅಲ್ಲಿಯೂ ನಿಷಿದ್ಧವೇ.

18ನೆಯ ತಾರೀಖು ಶನಿವಾರ ಅಂತ್ಯಕ್ರಿಯೆ. ಬೆಳಿಗ್ಗೆ ಪೇಟೆಗೆ ಹೋದಾಗ ಸರ್ಕಾರಿ ಕಟ್ಟಡವೊಂದರ ಮೇಲೆ ಧ್ವಜವು ಅರ್ಧ ಕಂಬದಲ್ಲಿದ್ದುದನ್ನು ಕಂಡೆನು. ಮಧ್ಯಾಹ್ನ ಮನೆಯವರೆಲ್ಲ ದೂರದರ್ಶನದ ಮುಂದೆ ಕುಳಿತೆವು. ಆಕೆ ಬಾಲ್ಯದಲ್ಲಿ ಹಾಡಿದ್ದ ಚರ್ಚಿನಲ್ಲಿಯೇ ಸುಮಾರು ನಾಲ್ಕು ಗಂಟೆಯ ಕಾಲ ಪ್ರಾರ್ಥನೆಯೂ ಹಾಡೂ ನಡೆದುವು. ಕಡೆಗೆ ಪೆಟ್ಟಿಗೆಯನ್ನು ಹೆಗಲಮೇಲೆ ಹೊತ್ತು ಹೊರಟರು. ಆಗ ಆಕೆಯ ಧ್ವನಿಯನ್ನೇ, ಆ ಚಲಚ್ಚಿತ್ರದ ಹಾಡನ್ನೇ, ಹಾಕಿದರು. ಹೆಣದ ಹಿಂದೆ ಹೆಣದ ಕಂಠವು ನಡೆದುಹೋದಂತಾಯಿತು. ನನಗೆ ಕೂತಿರಲಾಗಲಿಲ್ಲ. ಎದ್ದು ಒಳಗೆ ಹೋದೆನು.

ನನಗೊಬ್ಬ ಅಣ್ಣನಿದ್ದನು. ನನಗಿಂತ ಆರು ವರ್ಷ ಹಿರಿಯ, ಶಾಲೆಯಲ್ಲಿ ಉಪಾಧ್ಯಾಯ. ರಾಮನವಮಿಯ ಪೆಂಡಾಲಿನಲ್ಲಿ ಅವನು ಶ್ರುತಿ ಹಿಡಿದರೆ ಪಾನಕ ಹಂಚುವವರೂ ಕೈ ನಿಲ್ಲಿಸುತ್ತಿದ್ದರು. ನನಗೆ ಸರಳೆ ವರಸೆ ಹೇಳಿಕೊಟ್ಟವನು ಅವನೇ. ಮೂವತ್ತೈದರ ಮೇಲೆ ಅವನಿಗೆ ಕುಡಿತ ಹತ್ತಿತು. ಹೇಗೆ ಹತ್ತಿತೆಂಬುದನ್ನು ನಾನು ಕೇಳಲಿಲ್ಲ. ಕೇಳುವುದು ಮಾನಗೇಡೆಂದು ತಿಳಿದಿದ್ದೆನು. ಮೊದಲು ಕೆಲಸ ಹೋಯಿತು, ಆಮೇಲೆ ಹೆಂಡತಿ ತವರಿಗೆ ಹೋದಳು, ಕಡೆಗೆ ಕಂಠ ಹೋಯಿತು.

1986ರ ಒಂದು ರಾತ್ರಿ ಅವನು ನಮ್ಮ ಮನೆಯ ಜಗಲಿಗೆ ಬಂದನು. ಆಶ್ಚರ್ಯವೆಂದರೆ ಅಂದು ಕುಡಿದಿರಲಿಲ್ಲ. ಕೈ ನಡುಗುತ್ತಿದ್ದಿತು. “ತಮ್ಮಾ, ನನ್ನಿಂದ ಬಿಡಲಾಗುವುದಿಲ್ಲ. ನೀನೇ ಯಾವುದಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು” ಎಂದನು. ಎದುರುಮನೆಯ ಕಿಟಕಿಯಲ್ಲಿ ಯಾರೋ ನಿಂತಿದ್ದರು. ನನಗೆ ಅಣ್ಣನ ಕೈ ಕಾಣಲಿಲ್ಲ, ಆ ಕಿಟಕಿ ಕಂಡಿತು. “ಮೆಲ್ಲಗೆ ಮಾತನಾಡು” ಎಂದು ಗದರಿಸಿ, ಜಗಲಿಯ ದೀಪವನ್ನು ಆರಿಸಿ, ಬಸ್ಸಿನ ಖರ್ಚಿಗೆಂದು ಹತ್ತು ರೂಪಾಯಿ ಕೈಗಿತ್ತು, ಬೆಳಿಗ್ಗೆ ನೋಡೋಣವೆಂದು ಕಳುಹಿಸಿದೆನು. ಆ ಬೆಳಿಗ್ಗೆ ಬರಲಿಲ್ಲ. ಹನ್ನೊಂದು ತಿಂಗಳ ಮೇಲೆ ಅವನು ಪಿತ್ತಕೋಶ ಕೆಟ್ಟು ತೀರಿಕೊಂಡನು. ‘ಕುಡಿದು ಸತ್ತನಂತೆ’ ಎಂಬ ಒಂದೇ ಮಾತಿನಲ್ಲಿ ಊರು ಅವನ ಚರಿತ್ರೆಯನ್ನು ಮುಗಿಸಿತು. ರಾಮನವಮಿ ಯಾರಿಗೂ ನೆನಪಾಗಲಿಲ್ಲ. ನಾನು ಮಗಳಿಗೆ, “ನಿನ್ನ ದೊಡ್ಡಪ್ಪನಿಗೆ ಎದೆನೋವಿದ್ದಿತು” ಎಂದೆನು. ಅವನ ಪಟವನ್ನು ಗೋಡೆಗೆ ಹಾಕಲಿಲ್ಲ.

ಅಂದು ನ್ಯೂಜೆರ್ಸಿಯಲ್ಲಿ ಮಗಳು ನನ್ನ ಹಿಂದೆಯೇ ಒಳಗೆ ಬಂದಳು. ಇಪ್ಪತ್ತೈದು ವರ್ಷ ಬಚ್ಚಿಟ್ಟಿದ್ದುದನ್ನು ನಾನು ಅವಳಿಗೆ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪಾ, ಆ ರಾತ್ರಿ ನನಗೆ ಎಚ್ಚರವಿದ್ದಿತು. ಜಗಲಿಯ ದೀಪ ಆರಿತು. ಯಾರೆಂದು ಕೇಳಿದಾಗ ಭಿಕ್ಷುಕನೆಂದು ಹೇಳಿದಿರಿ” ಎಂದಳು. ಆ ಸುಳ್ಳು ನನಗೆ ಮರೆತೇಹೋಗಿದ್ದಿತು. ಒಂಬತ್ತು ವರ್ಷದ ಮಗುವಿಗೆ ಮರೆತಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಈ ಕಾನೂನಿನ ವಿಚಾರವನ್ನು ಸಿಕ್ಕಿದ ಕಡೆಯಲ್ಲೆಲ್ಲ ಓದಿದೆನು. ಪೋರ್ಚುಗಲ್ ದೇಶವು 2001ರ ಜುಲೈ 1ರಿಂದ ಒಂದು ಹೊಸ ದಾರಿಯನ್ನು ಹಿಡಿದಿದೆ. ಹತ್ತು ದಿನದ ಸ್ವಂತ ಉಪಯೋಗಕ್ಕೆ ಮೀರದಷ್ಟು ಮಾದಕ ವಸ್ತುವಿನೊಡನೆ ಸಿಕ್ಕಿದವನನ್ನು ಅಲ್ಲಿ ಸೆರೆಮನೆಗೆ ಅಟ್ಟುವುದಿಲ್ಲ. ಮೂವರ ಮಂಡಲಿಯೊಂದರ ಮುಂದೆ ಕರೆದು, ಬೇಕಾದವನಿಗೆ ಚಿಕಿತ್ಸೆಯ ದಾರಿ ತೋರುವರು. ಮಾರುವವನಿಗೆ ಮಾತ್ರ ಸೆರೆ ತಪ್ಪದು. ಅಲ್ಲಿ ಈ ಚಟದ ಸಾವುಗಳೂ, ಸೂಜಿಯಿಂದ ಹರಡುವ ಏಡ್ಸ್ ರೋಗವೂ ಬಹಳ ಇಳಿದುವು. ಅಮೆರಿಕಾದ ಆರೆಗಾನ್ ಸಂಸ್ಥಾನವೂ 2021ರಲ್ಲಿ ಇಂಥದನ್ನೇ ಮಾಡಹೊರಟಿತು. ಶಿಕ್ಷೆಯನ್ನು ಬೇಗನೆ ತೆಗೆದರು, ಚಿಕಿತ್ಸೆಯನ್ನು ನಿಧಾನವಾಗಿ ತಂದರು. ಅದೇ ಕಾಲಕ್ಕೆ ಫೆಂಟನಿಲ್ ಎಂಬ ಘೋರವಿಷವೂ ಬೀದಿಗೆ ಬಂದಿತು. 2024ರಲ್ಲಿ ಹಳೆಯ ಶಿಕ್ಷೆಯನ್ನು ಮರಳಿ ತಂದರು. ಇದರಿಂದ ನನಗೆ ತೋರುವುದಿಷ್ಟು: ಸೆರೆಮನೆಯ ಬಾಗಿಲನ್ನು ಮುಚ್ಚಿದರೆ ಸಾಲದು, ಆಸ್ಪತ್ರೆಯ ಬಾಗಿಲನ್ನು ಮೊದಲು ತೆರೆದಿರಬೇಕು.

ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾಯಿದೆ ಕಠಿಣವಾದುದು. ಆದರೆ ಅದರಲ್ಲಿಯೂ 64ಎ ಎಂಬ ಕಲಮೊಂದಿದೆ: ಸೇವಿಸಿದನೆಂದೋ, ಅಲ್ಪಪ್ರಮಾಣವನ್ನು ಇಟ್ಟುಕೊಂಡನೆಂದೋ ಆಪಾದನೆಗೆ ಸಿಕ್ಕಿದ ವ್ಯಸನಿಯು ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ನಿಂತು ಅದನ್ನು ಪೂರೈಸಿದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು. ಗೃಹಸ್ಥರೆಲ್ಲ ತಿಳಿದಿರಬೇಕಾದ ಮಾತಿದು.

ಇನ್ನು ನನ್ನ ಅಣ್ಣನ ವಿಷಯದಲ್ಲಿ ಯಾವ ಕಾಯಿದೆಯೂ ಅಡ್ಡಬಂದಿರಲಿಲ್ಲ. ಅವನು ಕುಡಿದ ಸಾರಾಯಿ ಸರ್ಕಾರದ ಪರವಾನಗಿಯಲ್ಲಿಯೇ ಮಾರಾಟವಾಗುತ್ತಿದ್ದಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಬೇರೆ ಮದ್ಯದ ಅಂಗಡಿಗಳು ತೆರೆದೇ ಇವೆ. ಅವನು ಆಸ್ಪತ್ರೆಗೆ ಹೋಗುವುದನ್ನು ತಡೆದುದು ಪೋಲೀಸಿನವನಲ್ಲ. ಒಡಹುಟ್ಟಿದ ತಮ್ಮ, ಎದುರುಮನೆಯ ಕಿಟಕಿಗೆ ಹೆದರಿದವನು.

ವಿಟ್ನಿಯ ಒಬ್ಬಳೇ ಮಗಳು 2015ರ ಜನವರಿಯಲ್ಲಿ ತಾಯಿಯಂತೆಯೇ ಸ್ನಾನದ ತೊಟ್ಟಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದು, ಜುಲೈ ತಿಂಗಳಲ್ಲಿ ತೀರಿಕೊಂಡಳು. ಆಕೆಗೆ 22 ವರ್ಷ. ಬೆನೆಟ್ಟರು ವ್ಯಸನವನ್ನು ಗೆದ್ದು, 96 ವರ್ಷ ಬಾಳಿ, 2023ರಲ್ಲಿ ಹೋದರು. ತೊಟ್ಟಿಯ ಬಳಿಗೆ ಸಕಾಲಕ್ಕೆ ಒಬ್ಬರು ಬಂದುದರಿಂದ ಒಂದು ಆಯುಷ್ಯವೇ ಉಳಿದುಬಂದಿತೆಂದು ನಾನು ಎಣಿಸಿಕೊಳ್ಳುವೆನು.

ಊರಿಗೆ ಮರಳಿದ ಮೇಲೆ ಅಣ್ಣನ ಪಟವನ್ನು ಹುಡುಕಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದೆನು. ಮೊಮ್ಮಕ್ಕಳು ಬಂದಾಗ ಯಾರೆಂದು ಕೇಳುವರು. ಚೆನ್ನಾಗಿ ಹಾಡುತ್ತಿದ್ದನೆಂದು ಮೊದಲು ಹೇಳುವೆನು. ಕುಡಿತದ ರೋಗದಿಂದ ಸತ್ತನೆಂದು ಆಮೇಲೆ ಹೇಳುವೆನು. ಸಹಾಯ ಕೇಳಿ ಬಂದಿದ್ದನು, ನಾನು ಮಾಡಲಿಲ್ಲ, ಎಂಬುದನ್ನೂ ಮುಚ್ಚುವುದಿಲ್ಲ. ನಮ್ಮ ಮನೆಯ ಜಗಲಿಯ ದೀಪವನ್ನು ಈಗ ಬೆಳಗಾಗುವವರೆಗೆ ಆರಿಸುವುದಿಲ್ಲ. ವಿದ್ಯುಚ್ಛಕ್ತಿಯ ಖರ್ಚು ಹೆಚ್ಚಾಗುವುದೆಂದು ಮನೆಯವಳು ಇದುವರೆಗೆ ಒಮ್ಮೆಯೂ ಹೇಳಿಲ್ಲ.