ಪಟ್ಟಿಯಲ್ಲಿ ನನ್ನದೇ ಹೆಸರು

ತುಂಬಾ ದಿನಗಳಾದ ಮೇಲೆ ಬರೀತಾ ಇದ್ದೀನಿ. ಆಫೀಸಿನ ವಿಷಯ ಇಲ್ಲಿ ಬೇಡ ಅಂದುಕೊಂಡಿದ್ದೆ. ಆದರೆ ದೀಪಾವಳಿಗೆ ಗದಗಕ್ಕೆ ಹೋದಾಗ ಆದದ್ದನ್ನು ಹೇಳದೆ ಇರೋಕಾಗ್ತಿಲ್ಲ.

ನನ್ನ ಕೆಲಸ ಸರ್ಟಿಫಿಕೇಟುಗಳದ್ದು. ಕಾಲೇಜಿನವಲ್ಲ ಮತ್ತೆ :) ಒಂದು ಸರ್ವರ್ ಇನ್ನೊಂದಕ್ಕೆ ‘ನಾನೇ ನಾನು’ ಅಂತ ತೋರಿಸುವ ಡಿಜಿಟಲ್ ಗುರುತಿನ ಚೀಟಿಗಳು. ಅವನ್ನು ಕೊಡೋಕೆ ನಾವು ಡಾಗ್‌ಟ್ಯಾಗ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶ ಬಳಸ್ತೀವಿ. ರೆಡ್ ಹ್ಯಾಟ್‌ನ ಸರ್ಟಿಫಿಕೇಟ್ ಸಿಸ್ಟಮ್‌ಗೂ ಇದೇ ಬುನಾದಿ.

ಅದರಲ್ಲಿ ಯಾರು ಏನು ಮಾಡಬಹುದು ಅನ್ನೋದು ಅವರಿರುವ ಗುಂಪಿನ ಮೇಲೆ ನಿಂತಿದೆ. ‘ಅಡ್ಮಿನಿಸ್ಟ್ರೇಟರ್ಸ್’ ಬಳಕೆದಾರರನ್ನು ಸೇರಿಸ್ತಾರೆ. ‘ಸರ್ಟಿಫಿಕೇಟ್ ಮ್ಯಾನೇಜರ್ ಏಜೆಂಟ್ಸ್’ ಅರ್ಜಿಗಳನ್ನು ಒಪ್ತಾರೆ, ಕೊಟ್ಟ ಚೀಟಿ ರದ್ದು ಮಾಡ್ತಾರೆ. ‘ಆಡಿಟರ್ಸ್’ ದಾಖಲೆ ನೋಡ್ತಾರೆ. ಒಬ್ಬನ ಕೈಯಲ್ಲೇ ಎಲ್ಲಾ ಇರಬಾರದು ಅನ್ನೋದು ಇದರ ಹಿಂದಿನ ಯೋಚನೆ.

ಸೇರಿಸೋದು ಕಮಾಂಡ್ ಲೈನಿನಲ್ಲಿ ಒಂದೇ ಸಾಲು: ‘ಪಿಕೆಐ ಸಿಎ-ಗ್ರೂಪ್-ಮೆಂಬರ್-ಆ್ಯಡ್’, ಮುಂದೆ ಗುಂಪಿನ ಹೆಸರು, ಆಮೇಲೆ ಬಳಕೆದಾರನ ಹೆಸರು. ಗುಂಪಿನ ಹೆಸರಿನ ಮಧ್ಯೆ ಜಾಗ ಇರೋದರಿಂದ ಉದ್ಧರಣ ಚಿಹ್ನೆ ಮರೀಬಾರದು, ಅಷ್ಟೇ. ತೆಗೆಯೋಕೆ ಕೊನೆಯಲ್ಲಿ ‘ಡೆಲ್’.

ನೋಡೋಕೆ ಮಾತ್ರ ಎರಡು ದಾರಿ. ‘ಯೂಸರ್-ಮೆಂಬರ್‌ಶಿಪ್-ಫೈಂಡ್’ ಅಂದರೆ ಈ ಮನುಷ್ಯ ಯಾವ ಯಾವ ಗುಂಪಿನಲ್ಲಿದ್ದಾನೆ ಅಂತ ಹೇಳುತ್ತೆ. ‘ಗ್ರೂಪ್-ಮೆಂಬರ್-ಫೈಂಡ್’ ಅಂದರೆ ಈ ಗುಂಪಿನಲ್ಲಿ ಯಾರು ಯಾರಿದ್ದಾರೆ ಅಂತ. ನಾನು ಯಾವಾಗಲೂ ಮೊದಲನೆಯದನ್ನೇ ಕೇಳ್ತಿದ್ದೆ. ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರು ಹಾಕಿ ನೋಡಿದರಾಯ್ತು, ಅಲ್ವಾ?

ಹಬ್ಬದ ಮರುವಾರ ಆಡಿಟ್ ಇತ್ತು. ರಾತ್ರಿ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಯಾಕೋ ಎರಡನೆಯದನ್ನು ಓಡಿಸಿದೆ. ಏಜೆಂಟರು ಮೂವರಿರಬೇಕಿತ್ತು, ನಾಲ್ಕು ಹೆಸರು ಬಂತು. ನಾಲ್ಕನೆಯದು ನಂದೇ!

ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರು ಮದುವೆಗೆ ರಜೆ ಹಾಕಿದ್ದಾಗ ‘ಹದಿನೈದು ದಿನಕ್ಕೆ’ ಅಂತ ನನ್ನನ್ನೇ ಸೇರಿಸಿಕೊಂಡಿದ್ದೆ. ಆಮೇಲೆ ಮರೆತೇ ಬಿಟ್ಟೆ. ಅಡ್ಮಿನ್ ನಾನೇ, ಏಜೆಂಟ್ ನಾನೇ. ಅರ್ಜಿ ಹಾಕಿ ನಾನೇ ಒಪ್ಪಿಕೊಂಡಿದ್ದರೂ ಕೇಳೋರಿರಲಿಲ್ಲ. ಊರಿನವರ ಹೆಸರೆಲ್ಲಾ ಹಾಕಿ ಹುಡುಕಿದ್ದೆ, ನನ್ನ ಹೆಸರು ಹಾಕಿ ಒಮ್ಮೆಯೂ ಹುಡುಕಿರಲಿಲ್ಲ.

ಆಡಿಟ್‌ಗೆ ಮೊದಲು ಸದ್ದಿಲ್ಲದೆ ತೆಗೆದುಬಿಡೋಣ ಅನ್ನಿಸ್ತು. ಬೆರಳು ಎಂಟರ್ ಮೇಲೇ ಇತ್ತು.

"ಯಾಕೋ ತಮ್ಮಾ, ಇನ್ನೂ ಮಲಗಿಲ್ಲೇನು?" ಅಂದ ಅಜ್ಜ. ಅಜ್ಜ ಹಿಂದೆ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೀತಿದ್ದವ. ನಮ್ಮ ಕಡೆ ಸಂಘ ಅಂದರೆ ಒಂಥರಾ ಹೆಮ್ಮೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಸಹಕಾರ ಸಂಘಗಳ ಕಾಯ್ದೆ ಬಂದದ್ದೇ 1904ರಲ್ಲಿ!

"ಸಂಘದ ಸದಸ್ಯರ ಪಟ್ಟಿ ಇದ್ದಂಗ ಅಜ್ಜಾ. ಇರಬಾರದ ಹೆಸರೊಂದು ಉಳಿದೈತಿ," ಅಂದೆ.

"ಯಾರದು?"

"ನಂದ."

ಅಜ್ಜ ನಗಲಿಲ್ಲ. "ನಮ್ಮ ಪಟ್ಟ್ಯಾಗ ಸತ್ತವರ ಹೆಸರೂ ಉಳಿದಿರ್ತಿದ್ವು. ಇಡೀ ಪಟ್ಟಿ ಗ್ವಾಡಿಗೆ ಹಚ್ಚಿದಾಗನ ಗೊತ್ತಾಗೋದು. ಆದ್ರ ಕೆರೆದು ತೆಗೀತಿದ್ದಿಲ್ಲ. ಗೆರೆ ಎಳದು, ತಾರೀಖು ಹಾಕಿ, ಸಹಿ ಮಾಡ್ತಿದ್ವಿ. ಕೆರೆದ್ರ ಕಳ್ಳತನ, ಗೆರೆ ಎಳದ್ರ ತಪ್ಪು. ತಪ್ಪಿಗೆ ಮಾಫಿ ಐತಿ."

ಆ ರಾತ್ರಿಯೇ ಮ್ಯಾನೇಜರ್‌ಗೆ ಇದ್ದದ್ದು ಇದ್ದ ಹಾಗೆ ಮೇಲ್ ಬರೆದೆ. ಬೆಳಿಗ್ಗೆ ಅವರು ಒಪ್ಪಿದ ಮೇಲೆ ‘ಡೆಲ್’ ಓಡಿಸಿದೆ. ಆ ಎರಡು ವರ್ಷದಲ್ಲಿ ನಾನು ಒಪ್ಪಿದ ಅರ್ಜಿಗಳನ್ನೆಲ್ಲಾ ಬೇರೆಯವರು ಕೂತು ಪರಿಶೀಲಿಸಿದರು. ಹದಿನೈದು ದಿನದ ಅರ್ಜಿಗಳು ಬಿಟ್ಟರೆ ಏನೂ ಇರಲಿಲ್ಲ. ಬೈಗುಳ ಮಾತ್ರ ಸಿಕ್ಕಿತು :)

ನನ್ನ ಸರ್ಟಿಫಿಕೇಟ್ ಈಗಲೂ ಊರ್ಜಿತವೇ. ಅದು ನಾನು ಯಾರು ಅಂತ ಹೇಳುತ್ತೆ, ಅಷ್ಟೇ. ನನಗೆಷ್ಟು ಅಧಿಕಾರ ಅಂತ ಹೇಳೋದು ಆ ಪಟ್ಟಿ. ಈಗ ಪ್ರತಿ ತಿಂಗಳ ಒಂದನೇ ತಾರೀಖು ಗುಂಪಿನ ಕಡೆಯಿಂದಲೇ ಇಡೀ ಪಟ್ಟಿ ತೆಗೆದು ತಂಡಕ್ಕೆಲ್ಲಾ ಕಳಿಸ್ತೀನಿ. ಅಜ್ಜನ ಭಾಷೆಯಲ್ಲಿ ಹೇಳೋದಾದರೆ, ಗ್ವಾಡಿಗೆ ಹಚ್ತೀನಿ.

ನಿಮ್ಮ ಆಫೀಸಿನ ಪಟ್ಟಿಯಲ್ಲಿ ಯಾರ ಹೆಸರಿದೆ, ಒಮ್ಮೆ ನೋಡ್ತೀರಾ?